ಬೆರಕೆ ಸಾರಿನ ಲೆಕ್ಕ

ಸುಳ್ಳು ಹೇಳುವುದು ಕಷ್ಟವಲ್ಲ, ಹೇಳಿದ ಮೇಲೆ ಅದನ್ನು ಸಾಕುವುದು ಕಷ್ಟ. ಎಮ್ಮೆ ಸಾಕಿದರೆ ಹಾಲು ಕೊಡುತ್ತದೆ, ನಾಯಿ ಸಾಕಿದರೆ ಬಾಗಿಲು ಕಾಯುತ್ತದೆ. ಸುಳ್ಳು ಮಾತ್ರ ನಮ್ಮ ಮನೆಯ ಮೇವನ್ನೇ ತಿಂದು, ಕೊಬ್ಬಿ, ಒಂದು ದಿನ ನಮ್ಮನ್ನೇ ಹಾಯಲು ಬರುತ್ತದೆ. ಅಡುಗೆ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು ನಾನು; ನಾಲ್ಕೈದು ಸಣ್ಣ ಸುಳ್ಳು ಹೇಳದೆ ನಮ್ಮ ಒಲೆ ಹೊತ್ತುವುದಿಲ್ಲ. ಪಾತ್ರೆಯ ತಳ ಕಾಣುತ್ತಿರುವಾಗ ಪಾಯಸ ಬೇಕಾದಷ್ಟಿದೆ ಎನ್ನಬೇಕು. ಅಕ್ಕಿ ಇನ್ನೂ ತೊಳೆಯುತ್ತಿರುವಾಗ ಅನ್ನ ಇಳಿಸಿ ಆಯಿತು ಎನ್ನಬೇಕು. ಇವನ್ನೆಲ್ಲ ನಾನು ಸುಳ್ಳೆಂದು ಹಿಡಿಯುವುದಿಲ್ಲ, ಒಗ್ಗರಣೆಗೆ ಇಂಗು ಹಾಕಿದ ಹಾಗೆ. ಆದರೆ ಹೋದ ಮಾಘಮಾಸದಲ್ಲಿ ನಾನು ನನ್ನ ಸ್ವಂತ ತಂಗಿಗೆ ಹೇಳಿದ ಸುಳ್ಳು ಅಂಥದ್ದಲ್ಲ. ಅದನ್ನು ಮೊದಲು ಹಿಡಿದದ್ದು ತಂಗಿಯಲ್ಲ, ಹೆಂಡತಿಯಲ್ಲ, ದೇವರೂ ಅಲ್ಲ. ಮಡಚಿಟ್ಟರೆ ಚಪಾತಿ ಮಣೆಯಷ್ಟೇ ಇರುವ ಒಂದು ಲ್ಯಾಪ್‌ಟಾಪು.

ಅರಸೀಕೆರೆಯಲ್ಲಿ ಅಡುಗೆ ಬಸಣ್ಣ ಅಂದರೆ ನಾನೇ. ಸಾವಿರ ಎಲೆಯ ಮದುವೆಗಳನ್ನು ನನಗೆ ಯಾರೂ ಒಪ್ಪಿಸುವುದಿಲ್ಲ, ನಾನೂ ಕೇಳುವುದಿಲ್ಲ. ನಾಮಕರಣ, ಗೃಹಪ್ರವೇಶ, ಸೀಮಂತ, ಹೀಗೆ ಇನ್ನೂರು ಇನ್ನೂರೈವತ್ತು ಎಲೆಯ ಊಟಕ್ಕೆ ನನ್ನ ಕೈ ಹದವಾಗಿದೆ. ಹಳೇಬೀಡು, ಬೇಲೂರಿನ ಕಡೆಯವರೂ ಕರೆಯುತ್ತಾರೆ. ನನ್ನ ಹೆಸರು ಅಷ್ಟು ದೂರ ಹೋಗಿರುವುದಕ್ಕೆ ಕಾರಣ ಒಂದು ಸಾರು. ಅದರ ಗುಟ್ಟನ್ನು ಇಲ್ಲಿ ಮೊದಲ ಸಲ ಬಿಡುತ್ತಿದ್ದೇನೆ. ಮೊದಲ ಎರಡು ಪಂಕ್ತಿ ಎದ್ದ ಮೇಲೆ ಟೊಮೆಟೊ ಸಾರು ಒಂದಿಷ್ಟು, ತರಕಾರಿ ಹುಳಿ ಒಂದಿಷ್ಟು ಉಳಿದಿರುತ್ತದೆ. ಎರಡನ್ನೂ ಒಂದೇ ಪಾತ್ರೆಗೆ ಸುರಿದು, ಬೆಲ್ಲ ಚೂರು ಹಾಕಿ, ಕರಿಬೇವು ಬೆಳ್ಳುಳ್ಳಿಯ ಹೊಸ ಒಗ್ಗರಣೆ ಕೊಟ್ಟರೆ ಮೂರನೆಯ ಸಾರು ತಯಾರು. ಕೊನೆಯ ಪಂಕ್ತಿಯವರು ಬೆರಳು ನೆಕ್ಕಿಕೊಂಡು ಇದ್ಯಾವ ಸಾರು ಎಂದು ಕೇಳುತ್ತಾರೆ. ಬೇಲೂರಿನವರು ಕೇಳಿದರೆ ಹಳೇಬೀಡಿನ ಸಾರು ಎನ್ನುತ್ತೇನೆ, ಹಳೇಬೀಡಿನವರು ಕೇಳಿದರೆ ಬೇಲೂರಿನ ಸಾರು ಎನ್ನುತ್ತೇನೆ. ಎರಡು ಊರಿನ ನಡುವೆ ಹತ್ತೇ ಮೈಲಿ ಇದ್ದರೂ ಇದುವರೆಗೆ ಯಾರೂ ಪರಿಶೀಲಿಸಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಅದಕ್ಕೆ ಬೆರಕೆ ಸಾರು ಎಂದೇ ಹೆಸರು.

ಸಾರು ಹೇಗೋ ಬೆರೆಯುತ್ತದೆ. ಬೆರೆಯದಿರುವುದು ಅನ್ನ. ಎಷ್ಟು ಅಕ್ಕಿ ಹಾಕಬೇಕು ಎನ್ನುವುದು ನನಗೆ ಈ ಮೂವತ್ತು ವರ್ಷದಲ್ಲೂ ತಿಳಿದಿಲ್ಲ. ಅಪ್ಪ ಕಲಿಸಿದ ಕಣ್ಣಳತೆಯಲ್ಲಿ ಹಾಕುತ್ತೇನೆ. ಕಣ್ಣು ಒಂದೊಂದು ದಿನ ಒಂದೊಂದು ತರಹ ಅಳೆಯುತ್ತದೆ. ಕಡಿಮೆಯಾದರೆ ಯಜಮಾನರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ, ಹೆಚ್ಚಾದರೆ ಅವರ ಅತ್ತಿಗೆ ಬಂದು ಉಳಿದ ಅನ್ನದ ಪಾತ್ರೆಯ ಮುಂದೆ ನಿಂತು ನಿಟ್ಟುಸಿರು ಬಿಡುತ್ತಾರೆ. ಒಂದು ಸಂಜೆ ನಾನು ಇದನ್ನೇ ಹೆಂಡತಿ ರತ್ನಳ ಹತ್ತಿರ ಗೊಣಗುತ್ತಿದ್ದೆ. ಜಗಲಿಯಲ್ಲಿ ಕೂತು ಅವ್ವನ ಜೊತೆ ಅವರೆಕಾಯಿ ಸುಲಿಯುತ್ತಿದ್ದ ನನ್ನ ತಂಗಿ ಶೈಲಾಳ ಕಿವಿ ನೆಟ್ಟಗಾಯಿತು.

ಶೈಲಾ ನನಗಿಂತ ಏಳು ವರ್ಷ ಚಿಕ್ಕವಳು. ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಬಿ.ಎಡ್. ಮಾಡಿ, ರೈಲ್ವೆ ನೌಕರನನ್ನು ಮದುವೆಯಾಗಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾಳೆ. ಆರು ವರ್ಷದಿಂದ ಅತಿಥಿ ಶಿಕ್ಷಕಿ. ಅತಿಥಿ ಎಂದರೆ ನಮ್ಮ ಕಡೆ ಒಂದು ದಿನ ಬಂದು ಹೋಗುವವರು. ಆರು ವರ್ಷದ ಅತಿಥಿಯನ್ನು ನಾನು ಇವಳೊಬ್ಬಳನ್ನೇ ಕಂಡಿರುವುದು. ಪ್ರತಿ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಅವಳು ಫೋನು ಕೈಯಲ್ಲಿ ಹಿಡಿದು ಓಡಾಡುತ್ತಾಳೆ. ಆ ಮಾಘದಲ್ಲಿ ಬೇಲೂರಿನ ಒಂದು ಖಾಸಗಿ ಹೈಸ್ಕೂಲಿನವರು ಕಾಯಂ ಗಣಿತ ಶಿಕ್ಷಕಿ ಬೇಕೆಂದು ಇವಳನ್ನು ಕರೆದಿದ್ದರು. ಮಕ್ಕಳ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು, ಹಿಂದಿನ ಬೆಂಚಿನಲ್ಲಿ ಆಡಳಿತ ಮಂಡಳಿಯವರು ಕೂತಿರುತ್ತಾರೆ. ವಿಷಯ, ಸಮೀಕರಣಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು. ಪುಸ್ತಕದ ಉದಾಹರಣೆ ಬೇಡ, ನಿಮ್ಮ ಜೀವನದ್ದೇ ಒಂದನ್ನು ತನ್ನಿ ಎಂದು ಬೇರೆ ಹೇಳಿದ್ದರು. ಪುಸ್ತಕದಲ್ಲಿ ಯಾವಾಗಲೂ ಯಾರೋ ಮೂರು ಪೆನ್ನು ಎರಡು ಪೆನ್ಸಿಲು ತರುತ್ತಿರುತ್ತಾರೆ. ಶೈಲಾಳಿಗೆ ಪೆನ್ನು ಪೆನ್ಸಿಲಿನ ಆಚೆ ಏನೂ ಹೊಳೆದಿರಲಿಲ್ಲ.

"ಅಣ್ಣ, ಊಟಕ್ಕೆ ಕೂತ್ರೆ ಒಬ್ಬ ಗಂಡಸಿಗೆ ಎಷ್ಟು ಅಕ್ಕಿ ಬೇಕಾಗುತ್ತೆ?" ಎಂದಳು.

"ಯಾವ ಗಂಡಸು?"

"ಯಾರೋ ಒಬ್ಬ ಕಣಣ್ಣ. ಸರಾಸರಿ ಗಂಡಸು."

"ಅಂಥವನು ನನ್ನ ಪಂಕ್ತೀಲಿ ಇದುವರೆಗೂ ಕೂತಿಲ್ಲ ಕಣೇ."

ನಾನು ನಿಜವನ್ನೇ ಹೇಳಿದ್ದೆ. ನನ್ನ ಪಂಕ್ತಿಯಲ್ಲಿ ಕೂರುವವರಲ್ಲಿ ಅರ್ಧ ಸೌಟು ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದು, ಬೆರಳಿನ ಸಂದಿಯಲ್ಲೇ ನಾಲ್ಕು ಸೌಟು ಇಳಿಸಿಕೊಳ್ಳುವವರಿದ್ದಾರೆ. ಸಕ್ಕರೆ ಕಾಯಿಲೆ, ಅನ್ನ ಮುಟ್ಟುವುದಿಲ್ಲ ಎಂದು ಹೋಳಿಗೆಯನ್ನೇ ಅನ್ನದಂತೆ ತಿನ್ನುವವರಿದ್ದಾರೆ. ಶೈಲಾ ಇದನ್ನೆಲ್ಲ ಕೇಳಲಿಲ್ಲ. ಅವಳು ಹೇಳಿದ್ದಿಷ್ಟು. ಗಂಡಸು, ಹೆಂಗಸು, ಮಗು, ಒಬ್ಬೊಬ್ಬರಿಗೆ ಬೇಕಾಗುವ ಅಕ್ಕಿ ಎಷ್ಟೆಂದು ಗೊತ್ತಿಲ್ಲ, ಗೊತ್ತಿಲ್ಲದ್ದು ಮೂರು. ಹಾಗಾಗಿ ಮೂರು ಊಟದ ವಿವರ ಬೇಕು. ಎಷ್ಟು ಗಂಡಸರು, ಎಷ್ಟು ಹೆಂಗಸರು, ಎಷ್ಟು ಮಕ್ಕಳು ಉಂಡರು, ಉಳಿದದ್ದನ್ನು ಕಳೆದು ಎಷ್ಟು ಅಕ್ಕಿ ಖರ್ಚಾಯಿತು. ಮೂರು ಊಟದ್ದನ್ನು ಬರೆದುಕೊಟ್ಟರೆ ಅವಳ ಕಂಪ್ಯೂಟರು ಒಬ್ಬೊಬ್ಬರ ಪಾಲನ್ನೂ ಗ್ರಾಮಿನ ಮಟ್ಟಕ್ಕೆ ಹೇಳಿಬಿಡುತ್ತದೆ. ಅದರಿಂದ ಅವಳಿಗೆ ಪಾಠವೂ ಆಯಿತು, ನನಗೆ ಅಕ್ಕಿಯ ಚಿಂತೆಯೂ ತಪ್ಪಿತು.

ಗಂಡಸರನ್ನೇ ಒಂದು ಪಂಕ್ತಿಗೆ ಕೂರಿಸಿ ತೂಕ ಹಾಕಿಬಿಟ್ಟರೆ ಇಷ್ಟೆಲ್ಲ ರಗಳೆ ಯಾಕೆ ಎಂದು ಕೇಳಿದೆ. ಊಟದ ಮನೆಯಲ್ಲಿ ಮಗುವನ್ನು ತಾಯಿಯ ಪಕ್ಕದಿಂದ ಎಬ್ಬಿಸುತ್ತೀಯಾ ಎಂದು ಅವಳು ಕೇಳಿದಳು. ನನಗೆ ಅಷ್ಟು ಧೈರ್ಯವಿಲ್ಲ. "ಅಲ್ಲಿ ಎಬ್ಬಿಸೋಕಾಗಲ್ಲ, ಲೆಕ್ಕದಲ್ಲಿ ಎಬ್ಬಿಸಬಹುದು" ಎಂದು ಅವರೆಕಾಯಿ ಸಿಪ್ಪೆಯನ್ನು ನೆಲದ ಮೇಲೆ ಮೂರು ಸಾಲಾಗಿ ಜೋಡಿಸಿ ತೋರಿಸಿದಳು. ಒಂದು ಊಟವನ್ನು ಇನ್ನೊಂದರಿಂದ ಹದ ನೋಡಿ ಕಳೆದರೆ ಮಕ್ಕಳು ಎದ್ದು ಹೋಗುತ್ತಾರಂತೆ. ಮತ್ತೊಮ್ಮೆ ಕಳೆದರೆ ಹೆಂಗಸರು ಎದ್ದು ಹೋಗುತ್ತಾರಂತೆ. ಕೊನೆಗೆ ಗಂಡಸು ಒಬ್ಬನೇ ಎಲೆಯ ಮುಂದೆ ಉಳಿಯುತ್ತಾನೆ. ಅವನದ್ದು ತಿಳಿದ ಮೇಲೆ ಉಳಿದವರನ್ನು ಒಬ್ಬೊಬ್ಬರಾಗಿ ವಾಪಸು ಕರೆದು ಕೂರಿಸುವುದು. ಇದನ್ನು ಕೈಯಲ್ಲಿ ಮಾಡಿದರೆ ಎರಡು ಪುಟ, ಕಂಪ್ಯೂಟರಿಗೆ ನಾಲ್ಕು ಸಾಲು ಬರೆದುಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ. ನನಗೆ ಅರ್ಥವಾಯಿತು. ಅರ್ಥವಾಯಿತಲ್ಲ ಎಂದು ಭಯವೂ ಆಯಿತು, ಯಾಕೆಂದರೆ ಗಣಿತ ನನಗೆ ಅರ್ಥವಾದದ್ದು ಅದೇ ಮೊದಲು.

ನನಗೂ ಗಣಿತಕ್ಕೂ ಇರುವ ಸಂಬಂಧ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಎಂಟನೇ ಕ್ಲಾಸಿನ ನಡುವಿನಲ್ಲಿ ಶಾಲೆ ಬಿಟ್ಟವನು. ಯಾಕೆ ಬಿಟ್ಟೆ ಎಂಬುದಕ್ಕೆ ನಮ್ಮ ಮನೆಯಲ್ಲಿ ಒಂದು ಕಥೆಯಿದೆ. ಬಂದವರಿಗೆಲ್ಲ ಅವ್ವ ಅದನ್ನು ಕಾಫಿಯ ಜೊತೆ ಕೊಡುತ್ತಾಳೆ. ಅಪ್ಪನಿಗೆ ಆಗ ಸೊಂಟ ಹಿಡಿದಿತ್ತು, ಅಡುಗೆಗೆ ಕೈಜೋಡಿಸಲು ಒಬ್ಬರು ಬೇಕಿತ್ತು, ಆಗ ನಮ್ಮ ಬಸಣ್ಣ "ತಂಗಿ ಓದ್ಲಿ ಬಿಡವ್ವ, ನಾನು ಸೌಟು ಹಿಡೀತೀನಿ" ಅಂದ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ಕೇಳಿದವರು ನನ್ನನ್ನು ನೋಡುತ್ತಾರೆ. ನಾನು ನೆಲ ನೋಡುತ್ತೇನೆ. ಅದನ್ನು ಅವರು ವಿನಯ ಎಂದುಕೊಳ್ಳುತ್ತಾರೆ.

ನಡೆದದ್ದು ಬೇರೆ. ಆ ಮಾತು ನಾನು ಆಡಿದ್ದು ಹೌದು. ಆದರೆ ಅದಕ್ಕೆ ಮುಂಚಿನ ಒಂದು ತಿಂಗಳು ನಾನು ಗಣಿತದ ಪೀರಿಯಡ್ಡು ಬಂದಾಗಲೆಲ್ಲ ಹಿಂದಿನ ಕಾಂಪೌಂಡು ಹಾರಿ, ಅರಸೀಕೆರೆ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಕೂತು ಗೂಡ್ಸು ಗಾಡಿಯ ಡಬ್ಬಿ ಎಣಿಸುತ್ತಿದ್ದೆ. ಡಬ್ಬಿ ಎಣಿಸಲು ಬರುತ್ತಿತ್ತು, ಎಕ್ಸ್ ಬರುತ್ತಿರಲಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಎಕ್ಸ್ ಬರೆದು ಇದರ ಬೆಲೆ ಕಂಡುಹಿಡಿಯಿರಿ ಎನ್ನುತ್ತಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಎಕ್ಸ್‌ಗೆ ಒಂದನೇ ಕ್ಲಾಸಿನಿಂದಲೂ ಒಂದೇ ಬೆಲೆ, ತಪ್ಪು. ಲೆಕ್ಕ ಮಾಡಿದ ಕಡೆಯೆಲ್ಲ ಪಕ್ಕದಲ್ಲಿ ಕೆಂಪು ಶಾಯಿಯ ಎಕ್ಸ್ ಇರುತ್ತಿತ್ತು. ಕೊನೆಗೆ ಅಪ್ಪನ ಪರಿಚಯದ ಹಮಾಲರೊಬ್ಬರು ನನ್ನನ್ನು ಪ್ಲಾಟ್‌ಫಾರಂನಲ್ಲಿ ಹಿಡಿದು ಮನೆಗೆ ತಂದು ಬಿಟ್ಟರು. ಅಪ್ಪ ಸೊಂಟ ಹಿಡಿದುಕೊಂಡೇ ಬೆತ್ತ ಹುಡುಕುತ್ತಿದ್ದರು. ಆಗ ನನ್ನ ಬಾಯಿಂದ ತಂಗಿ ಓದ್ಲಿ ಎಂಬ ಮಾತು ಹೊರಬಿತ್ತು. ಒಂದನೇ ಕ್ಲಾಸಿನ ಶೈಲಾ ಬಾಗಿಲ ಸಂದಿಯಲ್ಲಿ ಮೂಗು ಒರೆಸಿಕೊಳ್ಳುತ್ತ ನಿಂತಿದ್ದಳು. ಬೆತ್ತ ನಿಂತಿತು, ಅವ್ವ ತಬ್ಬಿಕೊಂಡಳು, ಆವತ್ತು ರಾಗಿಮುದ್ದೆಗೆ ಎರಡು ಚಮಚ ತುಪ್ಪ ಜಾಸ್ತಿ ಬಿತ್ತು. ಆ ತುಪ್ಪದ ಋಣದಲ್ಲಿ ನಾನು ಮೂವತ್ತು ವರ್ಷದಿಂದ ತ್ಯಾಗಿಯಾಗಿದ್ದೇನೆ.

ಇಂಥವನ ಕೈಗೆ ಶೈಲಾ ತನ್ನ ಕೆಲಸದ ಭವಿಷ್ಯವನ್ನು ಕೊಟ್ಟಳು. ಮೊದಲ ಊಟ ಹಳೇಬೀಡಿನ ಗೃಹಪ್ರವೇಶ. ಶ್ರದ್ಧೆಯಿಂದ ಎಣಿಸಿದೆ. ಅರವತ್ತು ಗಂಡಸರು, ಎಂಬತ್ತು ಹೆಂಗಸರು, ನಲವತ್ತು ಮಕ್ಕಳು, ಅಕ್ಕಿ ಇಪ್ಪತ್ತೊಂದು ಕೆಜಿ. ಎರಡನೆಯದು ಅರಸೀಕೆರೆಯ ನಾಮಕರಣ. ಅಲ್ಲಿಯೂ ಎಣಿಸಿದೆ. ನಲವತ್ತು ಗಂಡಸರು, ನೂರು ಹೆಂಗಸರು, ನೂರು ಮಕ್ಕಳು, ಅಕ್ಕಿ ಇಪ್ಪತ್ನಾಲ್ಕು ಕೆಜಿ. ಮೂರನೆಯದು ಬಸ್ತಿಹಳ್ಳಿಯಲ್ಲಿ. ಅಲ್ಲಿ ಬೆಳಿಗ್ಗೆಯೇ ಒಬ್ಬ ಹಳೆಯ ಸ್ನೇಹಿತ ಸಿಕ್ಕಿದ. ಅವನೂ ಅಡುಗೆಯವನೇ. ಇಬ್ಬರು ಅಡುಗೆಯವರು ಸೇರಿದರೆ ಮೂರನೆಯ ಅಡುಗೆಯವನನ್ನು ಬೈಯಬೇಕಾಗುತ್ತದೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಉಗ್ರಾಣದಲ್ಲಿ ಕೊಬ್ಬರಿ ಮೂಟೆಗೆ ಒರಗಿಕೊಂಡು ಆ ಕೆಲಸ ಮುಗಿಸಿ, ಒಂದು ಸಣ್ಣ ನಿದ್ದೆ ತೆಗೆದು ಹೊರಗೆ ಬಂದಾಗ ಕೊನೆಯ ಪಂಕ್ತಿ ಎದ್ದಾಗಿತ್ತು. ಎಲೆಯನ್ನಾದರೂ ಎಣಿಸೋಣವೆಂದು ಹಿತ್ತಲಿಗೆ ಓಡಿದೆ. ನಾಲ್ಕು ಹಸು ನಿಂತಿದ್ದವು. ನನಗೆ ಬೇಕಾದ ಲೆಕ್ಕವೆಲ್ಲ ಅವುಗಳ ಹೊಟ್ಟೆಯಲ್ಲಿತ್ತು. ಅನ್ನ ಎಷ್ಟು ಉಳಿಯಿತೆಂದು ಕೇಳಿದರೆ, ಬಡಿಸುವವರು ಅದನ್ನೂ ಹಸುಗಳ ಕಡೆಗೇ ತೋರಿಸಿದರು.

ಶೈಲಾಳಿಗೆ ಶನಿವಾರ ಪಾಠ. ಸೋಮವಾರ ಬೆಳಿಗ್ಗೆ ಅವಳು ಅಂಕಿ ಕೇಳಲು ಬಂದಳು. ಎಣಿಸಲಿಲ್ಲ ಎಂದು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಅಡುಗೆಯವನ ಬುದ್ಧಿ ಉಪಯೋಗಿಸಿದೆ. ಎರಡು ಸಾರು ಇವೆ, ಮೂರನೆಯದು ಬೇಕು, ಬೆರೆಸಿದರಾಯಿತು. ಹಳೇಬೀಡನ್ನೂ ಅರಸೀಕೆರೆಯನ್ನೂ ಕೂಡಿಸಿ, ಬಸ್ತಿಹಳ್ಳಿಯಲ್ಲಿ ನೂರು ಗಂಡಸರು, ನೂರ ಎಂಬತ್ತು ಹೆಂಗಸರು, ನೂರ ನಲವತ್ತು ಮಕ್ಕಳು, ಅಕ್ಕಿ ನಲವತ್ತೈದು ಕೆಜಿ ಎಂದು ಬರೆದುಕೊಟ್ಟೆ. ನನಗೆ ನಾನೂರು ಎಲೆಯ ಊಟ ಯಾರು ಒಪ್ಪಿಸಿದರು ಎಂದೂ ಕೇಳದೆ, ಎಷ್ಟು ಚೆನ್ನಾಗಿ ಎಣಿಸಿದ್ದೀಯಣ್ಣ ಎಂದು ಅವಳು ಮೆಚ್ಚಿದಳು. ನೆಲ ನೋಡಿದೆ.

ಅವಳು ನಮ್ಮ ಜಗಲಿಯಲ್ಲೇ ಲ್ಯಾಪ್‌ಟಾಪು ಬಿಚ್ಚಿ ಅಂಕಿಗಳನ್ನು ಚೌಕ ಕಂಸದೊಳಗೆ ಮೂರು ಅಡ್ಡಸಾಲಾಗಿ ಕೂರಿಸಿದಳು. ನೋಡಲು ಥೇಟು ಪಂಕ್ತಿಯೇ, ಸಾಲಿಗೆ ಮೂರು ಎಲೆ. ಅಕ್ಕಿಯ ತೂಕವನ್ನು ಪಕ್ಕದಲ್ಲಿ ಬೇರೆ ಇಟ್ಟಳು, ಉಗ್ರಾಣದ ಹಾಗೆ. ಅವ್ವ, ರತ್ನ, ನಾನು ಸುತ್ತ ನಿಂತೆವು. ಗುಂಡಿ ಒತ್ತಿದಳು. ಗ್ರಾಮು ಬರಲಿಲ್ಲ. ಕೆಂಪು ಅಕ್ಷರದಲ್ಲಿ ಏನೋ ಉದ್ದಕ್ಕೆ ಬಂತು. ಕೆಂಪು ಅಕ್ಷರ ಎಂದರೆ ನನಗೆ ಒಂದನೇ ಕ್ಲಾಸಿನಿಂದಲೂ ಪರಿಚಯ, ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಕೊನೆಯ ಸಾಲನ್ನು ಶೈಲಾ ಓದಿದಳು, "ಸಿಂಗ್ಯುಲರ್ ಮ್ಯಾಟ್ರಿಕ್ಸ್." ಅಂದರೇನು ಎಂದು ಅವ್ವ ಕೇಳಿದಳು. ಬಿಡಿಸಲು ಆಗುವುದಿಲ್ಲ ಅಂತ ಅರ್ಥ, ಎಲ್ಲೋ ನಾನೇ ತಪ್ಪು ಬರೆದಿದ್ದೇನೆ ಎಂದಳು ಶೈಲಾ.

ಆ ನಾನೇ ಎಂಬ ಮಾತು ನನಗೆ ಒಣಮೆಣಸಿನಕಾಯಿಯ ಘಾಟಿನಂತೆ ನೆತ್ತಿಗೇರಿತು. ಅವಳು ಸೋಮವಾರವೆಲ್ಲ, ಮಂಗಳವಾರವೆಲ್ಲ ಆ ನಾಲ್ಕು ಸಾಲನ್ನು ಅಳಿಸಿ ಅಳಿಸಿ ಬರೆದಳು. ಕಂಸ ಬದಲಾಯಿಸಿದಳು, ಅಲ್ಪವಿರಾಮ ಬದಲಾಯಿಸಿದಳು, ಜೊತೆಯಲ್ಲಿ ಓದಿದ ಗೆಳತಿಗೆ ಫೋನು ಮಾಡಿ ಕೇಳಿದಳು. ಪೆನ್ನು ಪೆನ್ಸಿಲಿನ ಲೆಕ್ಕ ಕೊಟ್ಟರೆ ಯಂತ್ರ ಸರಿಯಾಗಿ ಬಿಡಿಸುತ್ತಿತ್ತು. ನಮ್ಮ ಊಟ ಕೊಟ್ಟರೆ ಮಾತ್ರ ಮುಖ ತಿರುಗಿಸುತ್ತಿತ್ತು. ಬುಧವಾರ ನನಗೆ ತಡೆಯಲಾಗಲಿಲ್ಲ. ತಪ್ಪೊಪ್ಪಿಕೊಂಡೆ ಎಂದು ನೀವು ಅಂದುಕೊಂಡರೆ ನಿಮಗೆ ಇನ್ನೂ ನನ್ನ ಪರಿಚಯ ಸಾಲದು. ಸಾರು ಕೆಟ್ಟರೆ ಅಡುಗೆಯವನು ಚೆಲ್ಲುವುದಿಲ್ಲ, ಇನ್ನಷ್ಟು ಹುಣಸೆರಸ ಹಿಂಡುತ್ತಾನೆ. ಬಸ್ತಿಹಳ್ಳಿಯದು ಸ್ವಲ್ಪ ತಪ್ಪಾಗಿತ್ತು ಕಣೇ, ಐದು ಜನ ಗಂಡಸರು ಜಾಸ್ತಿ, ಅಕ್ಕಿ ಒಂದು ಕೆಜಿ ಕಮ್ಮಿ ಎಂದೆ.

ಈ ಸಲ ಕೆಂಪು ಅಕ್ಷರ ಬರಲಿಲ್ಲ. ಮೂರು ಅಂಕಿ ಬಂದವು. ಶೈಲಾಳ ಮುಖ ಒಂದು ಕ್ಷಣ ಬೆಳಗಿ, ಆಮೇಲೆ ಕಂದಿತು. ಹೆಂಗಸಿಗೆ ಐನೂರ ಐದು ಗ್ರಾಂ. ಗಂಡಸಿಗೆ ಮೈನಸ್ ಇನ್ನೂರು ಗ್ರಾಂ. ಮಗುವಿಗೆ ಮೈನಸ್ ನೂರ ಎಂಬತ್ತೈದು ಗ್ರಾಂ. ಅಂದರೆ ಒಬ್ಬೊಬ್ಬ ಹೆಂಗಸೂ ಅರ್ಧ ಕೆಜಿ ಅಕ್ಕಿಯ ಅನ್ನ ಉಂಡಿದ್ದಾಳೆ. ಗಂಡಸರು ಉಣ್ಣುವುದಿರಲಿ, ತಲೆಗೆ ಇನ್ನೂರು ಗ್ರಾಂ ತಮ್ಮ ಕೈಯಿಂದಲೇ ಹಾಕಿ ಹೋಗಿದ್ದಾರೆ, ಮಕ್ಕಳೂ ಕೈಲಾದಷ್ಟು ಕೊಟ್ಟಿವೆ. ರತ್ನ ಸೊಂಟದ ಮೇಲೆ ಕೈಯಿಟ್ಟು, "ಮೆಷೀನೂ ಗಂಡಸೇ ಇರಬೇಕು ಕಣ್ರೀ, ತಿಂದಿದ್ದೆಲ್ಲ ಹೆಂಗಸರ ಮೇಲೇ ಹಾಕೈತೆ" ಎಂದಳು. ಅವ್ವ ನಕ್ಕಳು. ನಾನೂ ನಗಲು ನೋಡಿದೆ. ಶೈಲಾ ನಗಲಿಲ್ಲ, ಲ್ಯಾಪ್‌ಟಾಪು ಮಡಚಿಕೊಂಡು ಮನೆಗೆ ಹೋದಳು.

ಗುರುವಾರ ಸಂಜೆ ಅವಳ ಮನೆಗೆ ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ಒಂದು ಡಬ್ಬಿ ಕೋಡುಬಳೆ ಒಯ್ದಿದ್ದೆ. ಅಪರಾಧಿಗಳು ಯಾಕೆ ಯಾವಾಗಲೂ ತಿಂಡಿ ಹಿಡಿದುಕೊಂಡು ಹೋಗುತ್ತಾರೋ ತಿಳಿಯದು. ಅವಳು ಮೇಜಿನ ಮೇಲೆ ಹತ್ತನೇ ಕ್ಲಾಸಿನ ಪುಸ್ತಕ ತೆರೆದಿಟ್ಟು ಸುಮ್ಮನೆ ಕೂತಿದ್ದಳು. ಪೆನ್ನು ಪೆನ್ಸಿಲನ್ನೇ ಮಾಡುತ್ತೀಯಾ ಎಂದು ಕೇಳಿದೆ. ಏನೂ ಮಾಡುವುದಿಲ್ಲ, ಶನಿವಾರ ಹೋಗುವುದಿಲ್ಲ ಎಂದಳು.

"ನಾಲ್ಕು ಸಾಲು ಬರೆಯೋಕೆ ಬರ್ಲಿಲ್ಲ ನಂಗೆ. ಆರು ವರ್ಷದಿಂದ ಮಕ್ಕಳಿಗೆ ಏನು ಹೇಳ್ಕೊಟ್ನೋ. ನೀನು ಓದು ಬಿಟ್ಟು ನನ್ನ ಓದಿಸ್ದೆ, ಅದೂ ದಂಡ ಆಯ್ತು ಕಣಣ್ಣ."

ಬೆತ್ತವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಕೋಡುಬಳೆ ಡಬ್ಬಿಯ ಮುಚ್ಚಳವನ್ನು ತೆಗೆದೆ, ಮುಚ್ಚಿದೆ, ತೆಗೆದೆ.

"ಶೈಲಾ, ಬಸ್ತಿಹಳ್ಳೀಲಿ ನಾನು ಎಣಿಸ್ಲೇ ಇಲ್ಲ."

ಅವಳು ತಲೆಯೆತ್ತಿದಳು. ಉಗ್ರಾಣ, ನಿದ್ದೆ, ಹಸು, ಎಲ್ಲ ಹೇಳಿದೆ. ಮೂರನೆಯ ಸಾಲು ಮೊದಲೆರಡನ್ನು ಬೆರೆಸಿದ ಸಾರು ಎಂದೂ, ಬುಧವಾರದ್ದು ಅದಕ್ಕೆ ಹಿಂಡಿದ ಹುಣಸೆರಸ ಎಂದೂ ಹೇಳಿದೆ. ಅವಳು ಪೆನ್ನು ತೆಗೆದುಕೊಂಡು ಪುಸ್ತಕದ ಅಂಚಿನಲ್ಲಿ ಅರವತ್ತು, ನಲವತ್ತು, ನೂರು ಎಂದು ಬರೆದಳು. ಎಂಬತ್ತು, ನೂರು, ನೂರ ಎಂಬತ್ತು ಎಂದು ಬರೆದಳು. ಎರಡರ ಕೆಳಗೂ ಗೆರೆ ಎಳೆದಳು.

"ಎಲ್ಲಾ ಕಡೆ ತಪ್ಪು ಹುಡುಕ್ದೆ. ನಿನ್ನ ಅಂಕಿ ಕಡೆ ಮಾತ್ರ ನೋಡ್ಲೇ ಇಲ್ಲ" ಎಂದಳು.

ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಅವಳೇ ವಿವರಿಸಿದಳು. ಒಂದೇ ಮಾತನ್ನು ಬೇರೆ ಒಗ್ಗರಣೆಯಲ್ಲಿ ಎರಡನೇ ಸಲ ಹೇಳಿದರೆ ಯಂತ್ರಕ್ಕೆ ಹೊಸದೇನೂ ತಿಳಿದಂತಾಗುವುದಿಲ್ಲ. ಸಾಲು ಮೂರಿದ್ದರೂ ಹೇಳಿದ್ದು ಎರಡೇ. ಅದಕ್ಕೇ ಅದು ಒಲ್ಲೆ ಎಂದದ್ದು. ಬುಧವಾರದ ಮೈನಸ್ಸಿಗೂ ಕಾರಣ ಸಿಕ್ಕಿತು. ಉಳಿದದ್ದೆಲ್ಲ ಹಳೆಯದೇ ಆದ್ದರಿಂದ, ಹೊಸದಾಗಿ ಬಂದ ಐದು ಜನ ಗಂಡಸರಿಂದಲೇ ಒಂದು ಕೆಜಿ ಅಕ್ಕಿ ಕಡಿಮೆಯಾಯಿತೆಂದು ಯಂತ್ರ ತಿಳಿದುಕೊಂಡಿತು. ಐದರಲ್ಲಿ ಹಂಚಿ ತಲೆಗೆ ಮೈನಸ್ ಇನ್ನೂರು ಎಂದಿತು. ನನ್ನ ಸುಳ್ಳನ್ನು ಗ್ರಾಮಿನ ಮಟ್ಟಕ್ಕೆ ತೂಗಿ ಕೈಗಿಟ್ಟಿತ್ತು. ಮೂವತ್ತು ವರ್ಷದಲ್ಲಿ ನನ್ನ ಬೆರಕೆ ಸಾರನ್ನು ಬಾಯಿಗಿಡದೆ ಕಂಡುಹಿಡಿದ ಮೊದಲ ಗಿರಾಕಿ ಅದು.

ಶುಕ್ರವಾರ ಅರಸೀಕೆರೆಯಲ್ಲೇ ಒಂದು ಸೀಮಂತದ ಊಟ ನನ್ನದಿತ್ತು. ಆವತ್ತು ನಾನು ಎಣಿಸಿದ ಹಾಗೆ ಈ ಊರಿನ ರೇಷನ್ ಅಂಗಡಿಯವರೂ ಎಣಿಸಿರಲಾರರು. ಊಟದ ಮನೆಯ ಬಾಗಿಲಲ್ಲಿ ಮೂರು ಚೊಂಬು ಇಟ್ಟುಕೊಂಡು ನಿಂತೆ. ಗಂಡಸಿಗೊಂದು ಕಡಲೆಕಾಳು, ಹೆಂಗಸಿಗೊಂದು ಅವರೆಕಾಳು, ಮಗುವಿಗೊಂದು ಹೆಸರುಕಾಳು. ಒಬ್ಬ ಅಜ್ಜಿ ನಿಂತು, "ಏನ್ಲಾ ಬಸಣ್ಣ, ಬಾಗಿಲಲ್ಲೇ ಬಿತ್ತನೆ ಶುರು ಮಾಡ್ಕಂಡಿದ್ದೀಯ" ಎಂದಳು. ಮೀಸೆ ಚಿಗುರುತ್ತಿರುವ ಒಬ್ಬ ಹೈದ ಬಂದಾಗ ಕಡಲೆಯೋ ಹೆಸರೋ ಎಂದು ಧರ್ಮಸಂಕಟವಾಯಿತು. ಅವನು ಕೂತಿದ್ದೇ ಎರಡು ಎಲೆ ಕೇಳಿದ್ದರಿಂದ ಕಡಲೆ ಹಾಕಿದೆ. ಮೂವತ್ತು ಕಡಲೆ, ನೂರ ಇಪ್ಪತ್ತು ಅವರೆ, ಇಪ್ಪತ್ತು ಹೆಸರು, ಅಕ್ಕಿ ಇಪ್ಪತ್ತು ಕೆಜಿ. ಬಾಗಿಲಲ್ಲಿ ಪ್ರಾಮಾಣಿಕನಾಗಿ ನಿಂತವನು ಒಲೆಯ ಹತ್ತಿರ ಇರಲಾಗಲಿಲ್ಲ. ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಸತ್ಯಕ್ಕೆ ರುಚಿ ಕಡಿಮೆ ಎಂದು ನನಗೆ ಮೊದಲಿನಿಂದಲೂ ಅನುಮಾನವಿತ್ತು. ಯಜಮಾನರು ಮುಂದಿನ ನಾಮಕರಣಕ್ಕೆ ನನಗೆ ಹೇಳುವುದಿಲ್ಲವೆಂದು ಅವರ ಮುಖ ನೋಡಿಯೇ ತಿಳಿದೆ. ಕಾಳಿನ ಚೊಂಬು ಹಿಡಿದು ನೇರ ಶೈಲಾಳ ಮನೆಗೆ ಹೋದೆ. ನನ್ನ ಬಾಯಿಮಾತು ಬೇಡವೆಂದು ಅವಳ ಮುಂದೆಯೇ ಸುರಿದು ಎಣಿಸಿದೆ. ಗುಂಡಿ ಒತ್ತಿದಳು. ಗಂಡಸಿಗೆ ನೂರ ಐವತ್ತೊಂದು ಗ್ರಾಂ, ಹೆಂಗಸಿಗೆ ನೂರ ಹತ್ತೊಂಬತ್ತು, ಮಗುವಿಗೆ ಅರವತ್ತೊಂದು. ಚೂರುಪಾರು ಬಿಟ್ಟು ಹೇಳುತ್ತಿದ್ದೇನೆ. ಸರಾಸರಿ ಗಂಡಸನ್ನು ನಾನು ಕೊನೆಗೂ ನೋಡಿದೆ.

ಶನಿವಾರ ಬೇಲೂರಿಗೆ ನಾನೂ ಜೊತೆಗೆ ಹೋದೆ. ಹೋಗದಿದ್ದರೆ ಚೆನ್ನಾಗಿತ್ತು. ಶೈಲಾ ಸರಿಯಾದ ಲೆಕ್ಕ ಒಂದನ್ನೇ ತೋರಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಶುರು ಮಾಡಿದ್ದೇ ಬೆರಕೆ ಸಾರಿನಿಂದ. ಹೆಸರು ಹೇಳದೆ ಒಬ್ಬ ಅಡುಗೆಯವರು ಎಂದಳಾದರೂ, ಹಸುಗಳು ಬರುವ ಹೊತ್ತಿಗೆ ಮಕ್ಕಳೆಲ್ಲ ಹಿಂದಕ್ಕೆ ತಿರುಗಿ ಬೆವರುತ್ತಿದ್ದ ನನ್ನನ್ನೇ ನೋಡುತ್ತಿದ್ದವು. ಮೊದಲು ಸುಳ್ಳು ಅಂಕಿ ಕೊಟ್ಟು ಕೆಂಪು ಅಕ್ಷರ ತೋರಿಸಿದಳು, ಆಮೇಲೆ ಮೈನಸ್ ಗಂಡಸರನ್ನು ತೋರಿಸಿದಳು, ಕೊನೆಗೆ ಕಡಲೆ ಅವರೆ ಹೆಸರನ್ನು. ಯಂತ್ರ ಯಾಕೆ ಒಲ್ಲೆ ಎಂದಿತು ಎಂದು ಕೇಳಿದಾಗ ಮುಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದು, "ಮಿಸ್, ಮೂರನೇ ಸಾರು ಇರ್ಲೇ ಇಲ್ಲ" ಎಂದಳು. ಆಡಳಿತ ಮಂಡಳಿಯ ಹಿರಿಯರೊಬ್ಬರು ಮೇಜು ತಟ್ಟಿದರು. ಇಷ್ಟು ಚೆನ್ನಾಗಿ ಕಲಿಯಲು ನಿಮಗೆ ಯಾರು ಪ್ರೋತ್ಸಾಹ ಎಂದು ಅವರು ಕೇಳಿದ್ದೇ ತಪ್ಪಾಯಿತು. ನಮ್ಮಣ್ಣ, ನನಗೋಸ್ಕರ ಎಂಟನೇ ಕ್ಲಾಸಿಗೆ ಓದು ಬಿಟ್ಟವರು, ಅಗೋ ಅಲ್ಲಿದ್ದಾರೆ ಎಂದು ಶೈಲಾ ನನ್ನ ಕಡೆ ಕೈ ತೋರಿಸಿದಳು. ಮಕ್ಕಳು ಚಪ್ಪಾಳೆ ತಟ್ಟಿದವು. ಬೆಂಚಿನ ಕೆಳಗೆ ನೋಡಲು ಬೇಕಾದಷ್ಟು ನೆಲವಿತ್ತು.

ಜೂನ್‌ನಿಂದ ಕೆಲಸಕ್ಕೆ ಬನ್ನಿ ಎಂದು ಅವರು ಅಲ್ಲೇ ಹೇಳಿದರು. ಸಂಜೆಯ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಅರಸೀಕೆರೆಗೆ ಹೊರಟೆವು. ಅವಳು ಕಿಟಕಿಯ ಹತ್ತಿರ ಕೂತು ಒಬ್ಬಳೇ ನಗುತ್ತಿದ್ದಳು. ಹಳೇಬೀಡು ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಅಣ್ಣ, ನೀನು ಶಾಲೆ ಬಿಟ್ಟಿದ್ದಕ್ಕೆ ಏನೇನು ಕಾರಣ ಹೇಳು ನೋಡಾಣ."

"ನಿನ್ನ ಓದು. ಆಮೇಲೆ ಅಪ್ಪನ ಸೊಂಟ."

"ಮೂರನೇದು?"

"ಮನೆ ಕಷ್ಟ."

"ಅದು ಮೊದಲೆರಡನ್ನ ಕೂಡಿದ್ದು. ಹೊಸದೇನಾರ ಇದ್ರೆ ಹೇಳು."

ಬಸ್ಸು ಜಾವಗಲ್ಲಿನಲ್ಲಿ ನಿಂತಿತು, ಜನ ಇಳಿದರು, ಜನ ಹತ್ತಿದರು. ನಾನು ತೆಂಗಿನ ಮರಗಳನ್ನು ಎಣಿಸುತ್ತಿದ್ದೆ. ಕೊನೆಗೆ, "ಎಕ್ಸ್ ಕಂಡ್ರೆ ಹೆದ್ರಿಕೆ ಆಗೋದು ಕಣೇ" ಎಂದೆ. ಪ್ಲಾಟ್‌ಫಾರಂ, ಗೂಡ್ಸು ಗಾಡಿ, ಬೆತ್ತ, ತುಪ್ಪ, ಒಂದನ್ನೂ ಬಿಡದೆ ಹೇಳಿದೆ. ಅವಳು ಕೇಳಿಸಿಕೊಂಡು, ಗೊತ್ತಿತ್ತು ಎಂದಳು. ಅವ್ವನ ಟ್ರಂಕಿನಲ್ಲಿ ನನ್ನ ಮಾರ್ಕ್ಸ್ ಕಾರ್ಡ್ ಅವಳಿಗೆ ಕಾಲೇಜಿಗೆ ಸೇರುವಾಗಲೇ ಸಿಕ್ಕಿತ್ತಂತೆ. ಗಣಿತ, ನೂರಕ್ಕೆ ಮೂರು. ಹಾಗಾದರೆ ಅಷ್ಟು ಜನರ ಮುಂದೆ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

"ಯಾಕೆ ಬಿಟ್ಟೆ ಅನ್ನೋದು ಹೆಂಗಾದ್ರೂ ಇರ್ಲಿ. ಫೀಸು ಕಟ್ಟಿದ್ದು ನೀನೇ ತಾನೆ" ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಕ್ಷಮೆ ಸಿಕ್ಕಿದವನ ಹಾಗೆ ಹಾಯಾಗಿರುತ್ತಿದ್ದೆ. ಆದರೆ ಮೇಷ್ಟ್ರುಗಳ ಕ್ಷಮೆಯ ಜೊತೆ ಹೋಂವರ್ಕೂ ಬರುತ್ತದೆ. ಬೇಲೂರಿನ ಶಾಲೆ ಶುರುವಾಗುವವರೆಗೆ ಬಿಡುವಿದೆ ಎಂದು ಶೈಲಾ ಈಗ ಪ್ರತಿ ಭಾನುವಾರ ನನಗೆ ಎಂಟನೇ ಕ್ಲಾಸಿನ ಗಣಿತ ಹೇಳಿಕೊಡುತ್ತಾಳೆ. ನಲವತ್ಮೂರು ವರ್ಷದವನು ಇನ್ನೂರು ಪುಟದ ನೋಟ್‌ಬುಕ್ಕು ಹಿಡಿದು ಜಗಲಿಯಲ್ಲಿ ಕೂರುವುದನ್ನು ನೋಡಿ ಅವ್ವ, ಎಷ್ಟು ಆಸೆಯಿತ್ತೋ ಪಾಪ, ತಂಗಿಗೋಸ್ಕರ ಬಿಟ್ಟಿದ್ದ ಎಂದು ಬಂದವರಿಗೆ ಕಥೆಯನ್ನು ಇನ್ನೊಂದಿಷ್ಟು ಉದ್ದ ಮಾಡಿ ಹೇಳುತ್ತಾಳೆ. ಹೋದ ಭಾನುವಾರ ಶೈಲಾ ಒಂದು ಸಮೀಕರಣ ಕೊಟ್ಟು ಎಕ್ಸ್‌ನ ಬೆಲೆ ಕಂಡುಹಿಡಿ ಎಂದಳು. ಅರ್ಧ ಗಂಟೆ ಹೆಣಗಿ ಒಂದು ಉತ್ತರ ಬರೆದೆ. ಅವಳು ಓದಿ, ಕೆಂಪು ಪೆನ್ನು ತೆಗೆದು, ಪಕ್ಕದಲ್ಲಿ ದೊಡ್ಡದಾಗಿ ಒಂದು ಎಕ್ಸ್ ಹಾಕಿ ಹೋದಳು. ಲೆಕ್ಕದೊಳಗಿನ ಎಕ್ಸ್‌ನ ಬೆಲೆ ನನಗೆ ಇನ್ನೂ ಸಿಕ್ಕಿಲ್ಲ. ಪಕ್ಕದ್ದರ ಬೆಲೆ ಮಾತ್ರ ಕೇಳಿದ ತಕ್ಷಣ ಹೇಳಬಲ್ಲೆ.